ಉಳಿದ ತೊಂಬತ್ತು

ಗುರುವಾರ ರಾತ್ರಿ ರೂವಿಯಲ್ಲಿ ಹತ್ತರ ಆಟ.
ಫ್ಲೋಸಿ, ಜುವೇರಿಯಾ, ನಾನು.
ಹೊರಗೆ ಇನ್ನೂ ಮೂವತ್ತೆಂಟು ಡಿಗ್ರಿ,
ಒಳಗೆ ಶಾಲು ಹೊದೆಯುವಷ್ಟು ಚಳಿ.
ಬಿಳಿ ಕೋಟಿನ ಮುದುಕನೊಬ್ಬ ಪರದೆಯ ಮೇಲೆ ಗಂಟಲು ಸರಿಮಾಡಿಕೊಂಡು
ಮನುಷ್ಯ ಬಳಸುವುದು ಮಿದುಳಿನ ಹತ್ತೇ ಪರ್ಸೆಂಟ್ ಎನ್ನುತ್ತಾನೆ.
ಕೆಳಗೆ ಅರಬಿ ಅಕ್ಷರಗಳು ಬಲದಿಂದ ಎಡಕ್ಕೆ ಓಡಿ
ಅದೇ ಸುಳ್ಳನ್ನು ಇನ್ನೊಂದು ದಿಕ್ಕಿನಿಂದ ಹೇಳುತ್ತವೆ.

ನಾಯಕನ ಕತ್ತಿಗೆ ಒಂದು ಸೂಜಿ.
ಇಪ್ಪತ್ತಕ್ಕೆ ರಷ್ಯನ್ ಭಾಷೆ ಬಂತು,
ನಲವತ್ತಕ್ಕೆ ಅವನ ನೋಟಕ್ಕೇ ಲಾರಿ ಮಗುಚಿತು,
ಎಪ್ಪತ್ತರ ಹೊತ್ತಿಗೆ ಅರ್ಧ ಊರು ಉರಿದರೂ
ಕ್ರಾಪು ಕೆದರಲಿಲ್ಲ.
ನಿಜವೇನೇ ಇದು? ಜುವೇರಿಯಾ ಕೇಳಿದಳು.
ಬಾಯಲ್ಲಿ ಪಾಪ್‌ಕಾರ್ನ್ ಇತ್ತು, ನಾನು ಉತ್ತರಿಸಲಿಲ್ಲ.

ಹದಿಮೂರು ವರ್ಷವಾಯಿತು ನನಗೆ ಮಸ್ಕತ್ತಿನಲ್ಲಿ.
ಬಂದಿರುವ ಅರಬಿ ಇಷ್ಟೇ:
ಗಮ್ಮಿದ್ ಅಯೂನಕ್, ಕಣ್ಣು ಮುಚ್ಚಿ.
ಇಫ್ತಹ್ ಅಯೂನಕ್, ಕಣ್ಣು ತೆರೆಯಿರಿ.
ಖಲಾಸ್.
ಮನೆಗೆ ಹೋಗಿ ತಲೆ ತೊಳೆದುಕೊಳ್ಳಿ ಎಂಬುದನ್ನು ಕೈಯಲ್ಲೇ ಹೇಳುತ್ತೇನೆ.

ನನ್ನ ಕೆಲಸ ಜನರ ತಲೆಗೆ ಇಪ್ಪತ್ತೊಂದು ತಂತಿ ಅಂಟಿಸುವುದು.
ಮೂಗಿನ ಬುಡದಿಂದ ಹಿಂದಲೆಯ ಗಂಟಿನವರೆಗೆ
ದರ್ಜಿಯ ಹಾಗೆ ಟೇಪು ಹಿಡಿದು
ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುವುದು.
ಹತ್ತು ಪರ್ಸೆಂಟ್, ಇಪ್ಪತ್ತು ಪರ್ಸೆಂಟ್ ಅನ್ನುತ್ತೇವೆ ನಾವೂ,
ಅದು ಬರೀ ನೆತ್ತಿಯ ದೂರದ ಲೆಕ್ಕ.

ಇಡೀ ಮಿದುಳು ಒಂದೇ ಏಟಿಗೆ ಎದ್ದು ನಿಂತದ್ದನ್ನು
ನೋಡಿದ್ದೇನೆ. ಅದಕ್ಕೆ ಹಿನ್ನೆಲೆ ಸಂಗೀತ ಇರುವುದಿಲ್ಲ.
ಮಂಚದ ಸರಳು ಗಡಗಡ,
ಬಾಯಲ್ಲಿ ನೊರೆ, ಪ್ಯಾಂಟು ಒದ್ದೆ.
ಇಪ್ಪತ್ತೊಂದು ಗೆರೆಗಳೂ ಬೆದರಿದ ಕುದುರೆಗಳಾಗಿ
ಒಟ್ಟಿಗೆ ಬೇಲಿ ಹಾರುತ್ತವೆ.
ಪಕ್ಕಕ್ಕೆ ಹೊರಳಿಸಿ ಗಡಿಯಾರ ನೋಡುತ್ತ ನಿಲ್ಲುತ್ತೇನೆ.
ಅದಕ್ಕೆ ನಾವು ಶಕ್ತಿ ಅನ್ನುವುದಿಲ್ಲ. ಫಿಟ್ಸ್ ಅನ್ನುತ್ತೇವೆ.

ಭಾನುವಾರ ಬಂದವನು ಹುಲಿಗೆಪ್ಪ.
ಕೊಪ್ಪಳದ ಕಡೆಯವನು, ಘಾಲಾದ ಕ್ಯಾಂಪಿನಿಂದ.
ಸಾರುವೆಯಿಂದ ಬಿದ್ದು ಏಳು ತಿಂಗಳು.
ಬಿದ್ದಾಗ ಪದಗಳು ಉದುರಿವೆ: ಚಮಚ ಈಗ 'ಅದು',
ತಮ್ಮ ಬರೀ 'ಅಂವ',
ಕೀಲಿ ಬೇಕೆಂದರೆ ಗಾಳಿಯಲ್ಲಿ ಬೆರಳು ತಿರುಗಿಸುತ್ತಾನೆ.
ನನ್ನ ಕನ್ನಡ ಕೇಳಿ ಎದ್ದೇ ಕೂತ. ಒಂದು ತಂತಿ ಕಿತ್ತು ಬಂತು.

ಅವನೂ ನೋಡಿದ್ದನಂತೆ ಅಂಥದೇ ಒಂದನ್ನು,
ಹನ್ನೊಂದು ಮಂದಿ ಯಾರದೋ ಮೊಬೈಲಿಗೆ ಬಾಗಿ.
"ಅಕ್ಕಾರ, ನಂದು ಕೆಟ್ಟದ್ದು ಆ ಹತ್ತರಾಗಿಂದು ಇರಬೇಕ್ರಿ.
ಉಳಿದ ತೊಂಬತ್ತು ಹಂಗ ಮಲಗೈತಲ್ರಿ,
ಅದನ್ನ ಎಬ್ಬಸೂದು... ಅದು... ಅದು..."
ಪದ ಸಿಗದೆ ತೋಳಿಗೆ ಹೆಬ್ಬೆರಳು ಒತ್ತಿ ತೋರಿಸಿದ.

ಕಿತ್ತ ತಂತಿಯನ್ನು ಮತ್ತೆ ಅಂಟಿಸಿದೆ.
ಅಂಟು ಹಿಡಿಯುವಷ್ಟು ಹೊತ್ತು ಒತ್ತಿಕೊಂಡಿದ್ದೆ,
ಅದಕ್ಕಿಂತ ತುಸು ಹೆಚ್ಚೇ.
ಮಲಗಿದ್ದು ಯಾವುದೂ ಇಲ್ಲ ಹುಲಿಗೆಪ್ಪ.
ನೂರಕ್ಕೆ ನೂರೂ ದುಡಿಯುತ್ತಿದೆ, ನೀನು ನಿದ್ದೆ ಹೋದಾಗಲೂ.

ಛಾವಣಿ ನೋಡಿದ. ಏನೋ ಲೆಕ್ಕ ಹಾಕಿದ.
"ಹಂಗಾರ ದುಡಿಯೂದು ನೂರು,
ಪಗಾರ ಮಾತ್ರ ಹತ್ತರದ್ದು ಅನ್ರಿ!"
ಪಗಾರ. ಎಡವದೆ ಬಂತು ಆ ಪದ.
ನಕ್ಕ. ಇಪ್ಪತ್ತೊಂದು ಗೆರೆಯೂ ಕುಲುಕಿ ಹಾಳಾದವು.
ವರದಿಯಲ್ಲಿ ಅದನ್ನು ಸ್ನಾಯುಗಳ ಗದ್ದಲ ಎಂದು ಬರೆಯಬೇಕು.
ಬರೆದೆ.

ಆಮೇಲೆ ಅಭ್ಯಾಸಬಲಕ್ಕೆ ಗಮ್ಮಿದ್ ಅಯೂನಕ್ ಎಂದುಬಿಟ್ಟೆ.
ಅವನು ಮುಚ್ಚಿದ.
ಹಿಂದಲೆಯ ಗೆರೆಗಳಲ್ಲಿ ಅಲೆ ಎದ್ದಿತು,
ಸೆಕೆಂಡಿಗೆ ಒಂಬತ್ತು, ಏನೂ ಮಾಡದೆ ಇರುವಾಗಲಷ್ಟೇ ಬರುವ ಅಲೆ,
ಮುತ್ರಾ ಬಂದರಿನ ದೋಣಿಗಳ ಹಾಗೆ ಒಂದೇ ಸಮ ತೂಗುತ್ತ,
ಬಲಗಡೆ.
ಎಡಗಡೆಯದು ನಿಧಾನ, ಕುಂಟುತ್ತ,
ಆದರೆ ಬಂತು.

ತೆರೆಯಲು ಹೇಳುವ ಹೊತ್ತಾಗಿತ್ತು.
ಇನ್ನೊಂದಿಷ್ಟು ಬಿಟ್ಟೆ.